ಡೀಸೆಲ್ ಕುಡಿದದ್ದು ನಾನು ಹಾಕಿಸಿದ ವಾಲು

ಫಕ್ಕೀರಪ್ಪಣ್ಣ, ನೀವು ಡೀಸೆಲ್ ಕದ್ದಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು — ನಮ್ಮ ಅಂಗಳದಲ್ಲಿ, ಅಷ್ಟು ಜನರ ನಡುವೆ, ನೀವು ನನ್ನ ಕಡೆ ತಿರುಗಿ ನಿಂತಾಗಲೇ ಗೊತ್ತಿತ್ತು. ಗೊತ್ತಿದ್ದೂ ನನಗೇನೂ ಗೊತ್ತಿಲ್ಲ ಎಂದೆ.

ನಿಮಗೆ ಪೇಪರ್ ಓದುವ ಅಭ್ಯಾಸವಿತ್ತು. ಲೋಡು ಇಳಿಯುವ ತನಕ ಸ್ಟೇರಿಂಗಿನ ಮೇಲೆ ಹರವಿಕೊಂಡು, ಕೊನೆಯ ಪುಟದ ಜಾಹೀರಾತೂ ಬಿಡದೆ ಓದುತ್ತಿದ್ದಿರಿ. ಹಾಗಾಗಿ ಇದು ಎಲ್ಲಾದರೂ ನಿಮ್ಮ ಕಣ್ಣಿಗೆ ಬೀಳಬಹುದು ಎಂಬ ಆಸೆ. ಆಸೆಯೋ, ಭಯವೋ — ಬರೆಯುತ್ತಿರುವಾಗಲೂ ನನಗೆ ಸರಿಯಾಗಿ ತಿಳಿಯುತ್ತಿಲ್ಲ.

ನಮ್ಮನ್ನು ಅರಿಯದೆ ಇದನ್ನು ಓದುವವರಿಗೆ ಇಷ್ಟು ಹೇಳಬೇಕು. ನಮ್ಮದು ಶಿಗ್ಗಾಂವ. ನಮ್ಮ ಮನೆಯವರದು ಕಾಳುಕಡಿಯ ವ್ಯಾಪಾರ, ಜೊತೆಗೆ ಒಂದೇ ಒಂದು ಲಾರಿ. ಹುಲಗೂರಿನ ಫಕ್ಕೀರಪ್ಪಣ್ಣ ಅದರ ಡ್ರೈವರ್, ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ. ಕರಾವಳಿಗೆ ಲೋಡು ಒಯ್ದಾಗಲೆಲ್ಲ ನನಗೆಂದು ಸಾರಿಗೆ ಹಾಕುವ ಮುರುಗಲ ಹಣ್ಣಿನ ಸಿಪ್ಪೆ ಕಟ್ಟಿಸಿಕೊಂಡು ಬರುತ್ತಿದ್ದರು. ಪೊಟ್ಟಣವನ್ನು ಕೈಗೆ ಕೊಡದೆ ಹೊಸ್ತಿಲ ಪಕ್ಕದ ಕಿಟಕಿಯಲ್ಲಿಟ್ಟು, ಒಮ್ಮೆ ಕೆಮ್ಮಿ ಹೋಗುತ್ತಿದ್ದರು. ಆ ಕೆಮ್ಮೇ ನನಗೆ ಕರೆ.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಈ ಮನೆಯಲ್ಲಿ ಇಂಗ್ಲಿಷ್ ಎಂದರೆ ನಾನು. ಔಷಧದ ಬಾಟಲಿ, ಮಿಕ್ಸರಿನ ಡಬ್ಬಿ, ಬೀಜದ ಪಾಕೀಟು, ಕಳೆನಾಶಕ — ಏನೇ ಬಂದರೂ ಮೊದಲು ಅಡುಗೆಮನೆಗೆ ಬರುತ್ತಿತ್ತು. ನಾನು ಕೈ ಒರೆಸಿಕೊಂಡು ಓದಿ ಹೇಳಿದ ಮೇಲೆಯೇ ಉಳಿದದ್ದು. ಮಾವನವರ ತಮ್ಮ, ನಾವೆಲ್ಲ ಸಣ್ಣ ಮಾವ ಎನ್ನುವವರು, ನನ್ನನ್ನು 'ಕಾನ್ವೆಂಟ್ ಬಾಯಾರು', ಅಂದರೆ ಕಾನ್ವೆಂಟಿನ ಟೀಚರಮ್ಮ, ಎಂದು ಕರೆಯುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೆ ಚುಚ್ಚುತ್ತಿತ್ತು.

ಆ ಬೇಸಿಗೆ ಕರಾವಳಿಯಲ್ಲಿ ಗೋವಿನಜೋಳ ಇಳಿಸಿ, ವಾಪಸು ಲೋಡು ಹೊತ್ತು ಘಾಟ್ ಹತ್ತುವಾಗ ಲಾರಿಯ ಎಂಜಿನ್ ಪದೇ ಪದೇ ಕಾಯತೊಡಗಿತು. ರೇಡಿಯೇಟರ್ ತೊಳೆಸಿದ್ದಾಯಿತು, ಪೈಪು ಬದಲಿಸಿದ್ದಾಯಿತು. ಕೊನೆಗೆ ಮೇಸ್ತ್ರಿ ನಮ್ಮ ಭಾಗದ ಮೇಸ್ತ್ರಿಗಳೆಲ್ಲ ಹೇಳುವ ಮಾತನ್ನೇ ಹೇಳಿದ: "ಥರ್ಮೋಸ್ಟಾಟ್ ವಾಲ್ ಕಿತ್ತ ಒಗಿಯೂನ್ರಿ. ಹೈವೇ ಮ್ಯಾಲಿನ ಅರ್ಧಾ ಗಾಡಿಗೆ ಅದ ಇಲ್ಲ."

ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು ಅದು. ಎಂಜಿನ್ನಿನ ನೀರು ಒಂದು ಮಟ್ಟಕ್ಕೆ ಕಾಯುವ ತನಕ ಬಾಯಿ ಮುಚ್ಚಿಕೊಂಡಿರುತ್ತದೆ. ಕಾದ ಮೇಲೆ ತೆರೆದು, ನೀರನ್ನು ತಣಿಯಲು ರೇಡಿಯೇಟರಿಗೆ ಬಿಡುತ್ತದೆ. ಕಿತ್ತು ಹಾಕಿದರೆ ಎಂಜಿನ್ನಿಗೆ ಒಳ್ಳೆಯದಲ್ಲ, ಬದಲಿಗೆ ಕಡಿಮೆ ಶಾಖಕ್ಕೇ ತೆರೆಯುವ ವಾಲು ಸಿಗುತ್ತದೆ ಎಂದು ನಾನು ಫೋನಿನಲ್ಲಿ ಓದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದೆ.

ಸಣ್ಣ ಮಾವ ತೊಡೆ ತಟ್ಟಿಕೊಂಡು ನಕ್ಕರು. "ತಗೋರಪಾ! ಇನ್ನ ಮ್ಯಾಲೆ ಒಲಿಗೂ ಗ್ಯಾರೇಜಿಗೂ ಒಬ್ಬಾಕಿನ."

ನಮ್ಮ ಮನೆಯವರು ಮಾತ್ರ ನಗಲಿಲ್ಲ. "ಫೋನ್ ಹಚ್ಚಿ ಕೇಳು, ನೋಡೂನು," ಎಂದರು.

ಹುಬ್ಬಳ್ಳಿಯ ಒಬ್ಬ ಬಿಡಿಭಾಗದ ವ್ಯಾಪಾರಿಗೆ ಫೋನ್ ಮಾಡಿದೆ. ಕನ್ನಡದಲ್ಲೇ ಕೇಳಬಹುದಿತ್ತು. ಇಂಗ್ಲಿಷಿನಲ್ಲಿ ಶುರು ಮಾಡಿದೆ — ಸಣ್ಣ ಮಾವ ಕೇಳಲಿ ಎಂದು, ಬೇರೆ ಯಾವ ಕಾರಣಕ್ಕೂ ಅಲ್ಲ. ಆತನೂ ಇಂಗ್ಲಿಷಿನಲ್ಲೇ ಉತ್ತರಿಸಿದ. ಈಗಿರುವುದು ಎಂಬತ್ತೆರಡು ಡಿಗ್ರಿಗೆ ತೆರೆಯುವ ವಾಲು, ಎಪ್ಪತ್ತೊಂದರದ್ದು ಕಳಿಸುತ್ತೇನೆ, ಘಾಟಿಗೆ ಒಳ್ಳೆಯದು ಎಂದ. ಆಮೇಲೆ ಇನ್ನೊಂದು ಮಾತು ಹೇಳಿದ: ಮಳೆ ಮತ್ತು ಚಳಿಯ ದಿನಗಳಲ್ಲಿ ಮರೆಯದೆ ಹಳೆಯದನ್ನೇ ಹಾಕಿಸಿ, ಹತ್ತಿರದ ಊರುಗಳಿಗೆ ಓಡಾಡುವಾಗ ಎಂಜಿನ್ ಬಿಸಿಯೇ ಆಗುವುದಿಲ್ಲ, ಡೀಸೆಲ್ ಕುಡಿಯುತ್ತದೆ. ನಾನು 'ಯೆಸ್, ಯೆಸ್' ಎನ್ನುತ್ತ ಕೇಳಿಸಿಕೊಂಡೆ.

ಫೋನ್ ಇಟ್ಟೊಡನೆ ಇವರು ಕೇಳಿದರು, "ಏನಂದ?"

"ಇದ ಚೊಲೋ ಅಂತ್ರಿ. ಧೈರ್ಯಲೆ ಹಾಕಸ್ರಿ ಅಂದ."

ಅಷ್ಟೇ ಹೇಳಿದೆ. ಎರಡನೆಯ ಮಾತು ಬಾಯಲ್ಲೇ ಉಳಿಯಿತು. ಮುಚ್ಚಿಡಬೇಕೆಂದು ಆಗ ಎಣಿಸಿರಲಿಲ್ಲ — ಇದನ್ನು ಸಮರ್ಥನೆಗೆಂದು ಹೇಳುತ್ತಿಲ್ಲ. ಸಣ್ಣ ಮಾವನ ತುಟಿ ಆಗಲೇ ವಾರೆಯಾಗಿತ್ತು. ವರ್ಷಕ್ಕೆರಡು ಸಲ ಬಿಚ್ಚಿ ಹಾಕಬೇಕು ಎಂದರೆ ಏನೆನ್ನುತ್ತಾರೋ ಎಂಬುದಷ್ಟೇ ಆ ಗಳಿಗೆಯಲ್ಲಿ ನನಗೆ ಕಂಡದ್ದು. ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಹೊಸ ವಾಲು ಬಂತು, ಮೇಸ್ತ್ರಿ ಹಾಕಿಕೊಟ್ಟ. ಮೊದಲ ಸಲ ಘಾಟ್ ಇಳಿದು ಹತ್ತಿ ಬಂದ ದಿನ ನೀವು ಕಿಟಕಿಯ ಹತ್ತಿರ ಕೆಮ್ಮಲಿಲ್ಲ, ನೇರ ಬಾಗಿಲಿಗೆ ಬಂದಿರಿ. "ಅಕ್ಕಾರ, ಕಾವಿನ ಮುಳ್ಳು ಅರ್ಧಾ ದಾಟಿಲ್ರಿ! ಗಾಡಿ ಮಜ್ಜಿಗಿ ಕುಡದಂಗ ತಣ್ಣಗೈತಿ," ಎಂದಿರಿ. ನಿಮ್ಮ ಮುಖದಲ್ಲಿ ಎಷ್ಟು ಖುಷಿ ಇತ್ತೆಂದರೆ, ಆ ವಾಲು ನಿಮ್ಮದೇ ಬುದ್ಧಿ ಎನ್ನುವ ಹಾಗಿತ್ತು. ಇವರು ಮಾರ್ಕೆಟ್ ಯಾರ್ಡಿನಲ್ಲಿ ಸಿಕ್ಕವರಿಗೆಲ್ಲ, "ನಮ್ಮನಿಯಾಕಿ ಐಡಿಯಾ," ಎಂದು ಹೇಳಿಕೊಂಡು ಬಂದರಂತೆ. ಆ ದಿನಗಳಲ್ಲಿ ನಾನು ರೊಟ್ಟಿ ಬಡಿಯುವಾಗಲೂ ಹಾಡು ಗುನುಗುತ್ತಿದ್ದೆ. ನೆನೆದರೆ ಈಗ ನಾಚಿಕೆ.

ಮಳೆ ಬಂತು, ಹೋಯಿತು, ಚಳಿ ಬಿತ್ತು. ಕರಾವಳಿಯ ಲೋಡು ನಿಂತು ಹತ್ತಿರದ ತಿರುಗಾಟವಾಯಿತು: ಸವಣೂರಿನಿಂದ ಹತ್ತಿ, ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಗೋವಿನಜೋಳ. ಒಂದಿಷ್ಟು ಓಡುವುದು, ತೂಕಕ್ಕೆ ಕಾಯುವುದು, ಮತ್ತೆ ಓಡುವುದು. ಬೆಳಿಗ್ಗೆ ಅಂಗಳದಲ್ಲಿ ಲಾರಿ ಚಾಲೂ ಮಾಡಿದರೆ ಬಿಳಿ ಹೊಗೆ ಬಹಳ ಹೊತ್ತಾದರೂ ನಿಲ್ಲುತ್ತಿರಲಿಲ್ಲ. ಒಗೆದು ಹರವಿದ ಇವರ ಬಿಳಿ ಧೋತರಕ್ಕೆ, ಮಗಳ ಯೂನಿಫಾರ್ಮಿಗೆ ಹಸಿ ಡೀಸೆಲ್ಲಿನ ವಾಸನೆ ಹತ್ತುತ್ತಿತ್ತು. ಮೊದಲು ಹಾಗಿರಲಿಲ್ಲ. ಮೂಗಿಗೆ ಹಿಡಿದು ನೋಡಿದೆ. ವ್ಯಾಪಾರಿಯ ಮಾತು ನೆನಪಾಯಿತು. ಆಗ ನಾನು ಮಾಡಿದ್ದೇನು ಗೊತ್ತೇ? ಬಟ್ಟೆಯ ಹಗ್ಗ ಬಿಚ್ಚಿ ಹಿತ್ತಲಿಗೆ ಕಟ್ಟಿದೆ.

ಮರೆತಿದ್ದೆ ಎಂದು ನಾನು ಹೇಳುವಂತಿಲ್ಲ, ನೋಡಿ. ಆ ಹಗ್ಗ ಕಟ್ಟಿದ ಕೈ ನನ್ನದೇ.

ಡೀಸೆಲ್ ಖರ್ಚು ಏರಿದ್ದು ಕಂಡು ಇವರು ಟಾಕಿಗೆ ಕೋಲು ಇಳಿಸಿ ನೋಡಲು ಶುರು ಮಾಡಿದರು. ಮೊದಲು ದಿನಕ್ಕೊಮ್ಮೆ, ಆಮೇಲೆ ನೀವು ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ನೀವು ಪಕ್ಕದಲ್ಲೇ ನಿಂತು ಬೇರೆ ಕಡೆ ನೋಡುತ್ತಿದ್ದಿರಿ. ನಿಮಗೆಂದು ನಾನು ಕಿಟಕಿಯಲ್ಲಿಟ್ಟ ಚಹಾ ಆರಿಹೋಗುತ್ತಿತ್ತು.

ಆ ಬೆಳಿಗ್ಗೆ ಅಂಗಳದಲ್ಲಿ ಸಣ್ಣ ಮಾವ ಇದ್ದರು, ಮೇಸ್ತ್ರಿ ಇದ್ದ, ಚೀಲದ ಲೆಕ್ಕಕ್ಕೆ ಬಂದಿದ್ದ ವ್ಯಾಪಾರಸ್ಥರೂ ಇದ್ದರು.

"ಫಕ್ಕೀರಪ್ಪ, ಡೀಸೆಲ್ ಎಲ್ಲಿ ಹೊಂಟೈತಿ?" ಎಂದು ಇವರು ಕೇಳಿದರು. ದನಿ ಏರಿಸಲಿಲ್ಲ.

"ಗಾಡಿನ ಕುಡಿಯಾಕತ್ತೈತ್ರಿ ಸಾವಕಾರ್ರ. ನಾನೂ ನೋಡಾಕತ್ತೇನಿ."

"ಗಾಡಿಗೆ ಬಾಯಿ ಬಂತೇನಪಾ?" ಎಂದರು ಸಣ್ಣ ಮಾವ. "ಸವಣೂರಾಗ ಯಾರ ಕ್ಯಾನಿನಾಗ ಕುಡಿತೈತಿ, ಹೇಳಿಬಿಡು."

ಜನ ನಕ್ಕರು. ನಿಮ್ಮ ಕಿವಿ ಕೆಂಪಾದದ್ದು ನನಗೆ ಬಾಗಿಲಿನಿಂದಲೇ ಕಂಡಿತು. ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದು, ಸಣ್ಣ ಮಾವನ ಮುಖ ನೋಡಿ ಕೈಯ ಗ್ರೀಸ್ ಒರೆಸಿಕೊಳ್ಳತೊಡಗಿದ. ಆಗ ನೀವು ನನ್ನತ್ತ ತಿರುಗಿದಿರಿ.

"ಅಕ್ಕಾರ, ನೀವರ ಹೇಳ್ರಿ. ಆ ವಾಲ್ ತರಸೂಮುಂದ ಆ ಹುಬ್ಬಳ್ಳಿ ಅಂಗಡ್ಯಾಂವ ಡೀಸೆಲ್ಲಿಂದು ಏನರ ಅಂದಿದ್ದನೇನ್ರಿ?"

ಕೇಳಿಯೇಬಿಟ್ಟಿರಿ. ಇಡೀ ಅಂಗಳದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ನೀವೊಬ್ಬರೇ, ಮತ್ತು ಉತ್ತರ ಇದ್ದದ್ದು ನನ್ನೊಬ್ಬಳ ಹತ್ತಿರ. ಇವರು ನನ್ನನ್ನು ನೋಡಿದರು. ಸಣ್ಣ ಮಾವ ನೋಡಿದರು. 'ಹೌದು, ಅಂದಿದ್ದ' — ಎರಡೇ ಮಾತು. ಅದನ್ನು ಹೇಳಿದರೆ ಯಾಕೆ ಇಷ್ಟು ದಿನ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು.

"ನನಗದೇನೂ ಗೊತ್ತಿಲ್ರಿ," ಎಂದೆ.

ನೀವು ಒಂದು ಗಳಿಗೆ ನನ್ನನ್ನೇ ನೋಡಿದಿರಿ. ಆಮೇಲೆ ಲಾರಿ ಹತ್ತಿ ನಿಮ್ಮ ಕಂಬಳಿ ಮಡಚಿಕೊಂಡಿರಿ, ಚಾವಿಯನ್ನು ಬಾನೆಟ್ಟಿನ ಮೇಲಿಟ್ಟಿರಿ, ಹೊರಟಿರಿ. ಇವರು ಹೋಗು ಎಂದಿರಲಿಲ್ಲ. ಇರು ಎಂದೂ ಅನ್ನಲಿಲ್ಲ.

ಹೊಸ ಡ್ರೈವರ್ ಬಂದ. ಇವರು ಟಾಕಿಗೆ ಕೀಲಿ ಹಾಕಿಸಿದರು. ಅಷ್ಟರಲ್ಲಿ ಚಳಿ ಮುಗಿದು ಬಿಸಿಲು ಏರಿತು, ಕರಾವಳಿಯ ದೂರದ ಲೋಡು ಮತ್ತೆ ಶುರುವಾಯಿತು. ಎಂಜಿನ್ ಬೇಕಾದಷ್ಟು ಬಿಸಿಯಾಗತೊಡಗಿತು, ಡೀಸೆಲ್ ತನ್ನಿಂದ ತಾನೇ ಮೊದಲಿನ ಮಟ್ಟಕ್ಕೆ ಬಂತು. ಊಟಕ್ಕೆ ಕೂತಾಗ ಇವರು ಹೇಳಿದರು, "ನೋಡಿದ್ಯಾ? ಕೀಲಿ ಬಿತ್ತು, ಕಳವು ನಿಂತು."

ನಾನು ಅನ್ನ ಬಡಿಸಿದೆ.

ಆ ಬಿಸಿಲೇ ನಿಮ್ಮ ವಿರುದ್ಧ ಸಾಕ್ಷಿ ಹೇಳಿತು ಫಕ್ಕೀರಪ್ಪಣ್ಣ, ಅದು ಸುಳ್ಳು ಸಾಕ್ಷಿ ಎಂದು ಬಲ್ಲವಳು ಸಾರಿನ ಸವಟು ಹಿಡಿದು ಅಲ್ಲೇ ನಿಂತಿದ್ದಳು. ಮುಂದಿನ ಮಳೆಗಾಲಕ್ಕೆ ಮೊದಲೇ ಇವರಿಗೆ ಲಾರಿಯ ತಾಪತ್ರಯ ಸಾಕೆನಿಸಿ ಮಾರಿಬಿಟ್ಟರು. ನಿಜವನ್ನು ಹೊರಗೆ ಹಾಕಬಹುದಾಗಿದ್ದ ಇನ್ನೊಂದು ಚಳಿಗಾಲ ಆ ಲಾರಿಗೆ ನಮ್ಮ ಅಂಗಳದಲ್ಲಿ ಸಿಗಲೇ ಇಲ್ಲ. ನನಗೆ ಅಂದು ನೆಮ್ಮದಿಯಾಯಿತು. ಅದನ್ನೂ ಬರೆಯಬೇಕು: ನೆಮ್ಮದಿಯಾಯಿತು.

ವರ್ಷಗಳೇ ಕಳೆದ ಮೇಲೆ, ಹೋದ ತಿಂಗಳು ಸವಣೂರಿಗೆ ಬಂದಿದ್ದೆ, ತಂಗಿಯ ಮಗನ ನಿಶ್ಚಯಕ್ಕೆ ವೀಳ್ಯದೆಲೆ ಕೊಳ್ಳಲು. ಎಲೆಯ ಅಂಗಡಿಯವನು ಹಿಂದಕ್ಕೆ ತಿರುಗಿ, "ಏ ಡೀಸೆಲ್, ಆ ಎಲಿ ಪೆಂಡಿ ಇಕಾಡೆ ತಾ ಮಾರಾಯಾ," ಎಂದು ಕೂಗಿದ. ಯಾರನ್ನೋ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. ಒಳಗಿನಿಂದ "ಓ" ಎಂದು ಬಂದವರು ನೀವು.

ಆ ಹೆಸರಿಗೆ ನೀವು ಓಗೊಡುತ್ತೀರಿ. ನನಗೆ ತಡೆಯಲಾಗದ್ದು ಅದು.

ತಲೆಯ ಮೇಲಿನ ಹೊರೆ ಇಳಿಸಿ, ಕೈ ಒರೆಸಿಕೊಂಡು, "ಆರಾಮ ಅದೀರ್ರೀ ಅಕ್ಕಾರ? ಸಾವಕಾರ್ರ ಆರಾಮ ಅದಾರ್ರಿ? ನಿಮ್ಮ ಮಗಳು ಸಣ್ಣವ್ವಾರ ಲಗ್ನ ಆತೇನ್ರಿ?" ಎಂದು ಒಂದೇ ಉಸಿರಿಗೆ ಕೇಳಿದಿರಿ.

"ಗಾಡಿ ಬಿಟ್ರೇನ್ರಿ?" ಎಂದೆ. ಬೇರೆ ಮಾತು ತೋಚಲಿಲ್ಲ.

"ಯಾರ ಕೊಡ್ತಾರ್ರಿ ಅಕ್ಕಾರ," ಎಂದು ನಕ್ಕಿರಿ. ನಗುವಿನಲ್ಲಿ ಕಹಿ ಹುಡುಕಿದೆ, ಸಿಗಲಿಲ್ಲ. ಆಗಲೂ ನಾನು ಹೇಳಲಿಲ್ಲ. ಎಲೆ ಎಣಿಸಿಕೊಟ್ಟಿರಿ, ಒಡೆದ ಎಲೆಗಳನ್ನು ತೆಗೆದು ಬೇರೆ ಹಾಕಿದಿರಿ, ನಾನು ಚೀಲ ಹಿಡಿದು ಬಂದೆ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಫೋನಿನಲ್ಲಿ ಕೇಳಿದ್ದು, ಹಗ್ಗ ಬದಲಿಸಿದ್ದು, ಎಲ್ಲ. ಇವರು ಕನ್ನಡಕ ತೆಗೆದು ಒರೆಸಿದರು. "ಅವನ್ನ ಕಳ್ಳ ಅಂತ ನನ್ನ ಬಾಯಿಂದ ಅನಿಸಿಬಿಟ್ಟಿ ಅಲ್ಲ," ಎಂದರು. ಮರುದಿನ ಸಿಟ್ಟು ಸ್ವಲ್ಪ ಇಳಿದು, "ಅವನ್ನ ಕರಸಿ, ಊಟಕ್ಕ ಹಾಕಿ, ಆಯೇರಿ ಮಾಡಿ ಕಳಸೂನು. ಮಂದಿ ಮುಂದ ಬ್ಯಾಡ," ಎಂದರು.

ನಮ್ಮಲ್ಲಿ ಹಾಗೆಯೇ. ಧೋತರ, ಟವೆಲ್ಲು, ಮೇಲೊಂದು ಕಾಯಿ ಇಟ್ಟು ಕೈಗಿತ್ತರೆ ಮನಸ್ತಾಪ ಮುಗಿಯಿತು ಎಂದು ಲೆಕ್ಕ. ನೀವು ಬಂದರೂ ಬರುತ್ತೀರಿ, ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೂ ಹೋಗುತ್ತೀರಿ, ನಿಮ್ಮ ಸ್ವಭಾವ ಬಲ್ಲೆ. ಮರುದಿನ ಸವಣೂರಿನಲ್ಲಿ ಮತ್ತೆ ಯಾರೋ 'ಏ ಡೀಸೆಲ್' ಎನ್ನುತ್ತಾರೆ.

ಆ ಹೆಸರು ಹುಟ್ಟಿದ್ದು ಅಂಗಳದಲ್ಲಿ, ಜನರ ಬಾಯಲ್ಲಿ. ಅದಕ್ಕೇ ಇವರ ಮಾತು ಮೀರುತ್ತಿದ್ದೇನೆ. ಬರುವ ಸಂತೆಯ ದಿನ ಮಾರ್ಕೆಟ್ ಯಾರ್ಡಿನ ಎದುರಿನ ಚಹಾದಂಗಡಿಗೆ ಹೋಗುತ್ತೇನೆ. ಲಾರಿ ಮಾಲೀಕರು, ವ್ಯಾಪಾರಸ್ಥರು, ಡ್ರೈವರುಗಳು ಕೂರುವ ಜಾಗ. ನಮ್ಮ ಮನೆಯ ಹೆಂಗಸರು ಅದರ ಮುಂದೆ ಹಾದುಹೋಗುವಾಗ ಸೆರಗು ಸರಿಮಾಡಿಕೊಂಡು ಬೇಗ ನಡೆಯುತ್ತೇವೆ. ಸಣ್ಣ ಮಾವ ಈಗಲೂ ಅಲ್ಲೇ ಕೂರುತ್ತಾರೆ. ಆಮೇಲೆ ಸವಣೂರಿಗೂ ಬರುತ್ತೇನೆ, ಆ ಎಲೆಯ ಅಂಗಡಿಗೆ. ಇಂಗ್ಲಿಷ್ ಬೇಕಿಲ್ಲದ ಮಾತು: ಫಕ್ಕೀರಪ್ಪ ಕದ್ದಿಲ್ಲ, ವಾಲು ತರಿಸಿದವಳು ನಾನು, ಡೀಸೆಲ್ ಹೋಗುತ್ತದೆಂದು ತಿಳಿದಿದ್ದವಳು ನಾನು, ಸುಳ್ಳು ಹೇಳಿದವಳು ನಾನು.

ನಗಬಹುದು. ಇಷ್ಟು ವರ್ಷದ ಮೇಲೆ ಇದೇನು ಎನ್ನಬಹುದು. ಒಬ್ಬರಾದರೂ ನಂಬಿದರೆ ಸಾಕು ಎಂದು ಬರೆಯಹೊರಟೆ — ಸಾಕಾಗುವುದಿಲ್ಲ. ಸ್ಟೇರಿಂಗ್ ಹಿಡಿಯಬೇಕಾಗಿದ್ದ ಕೈಗಳು ಹೊರೆ ಹೊತ್ತ ವರ್ಷಗಳಿಗೆ ಯಾವ ಮಾತೂ ಸಾಕಾಗುವುದಿಲ್ಲ.

ನೀವು ಅಲ್ಲಿಗೆ ಬರುವುದು ಬೇಡ ಫಕ್ಕೀರಪ್ಪಣ್ಣ. ಕ್ಷಮಿಸಿದೆ ಎನ್ನುವುದೂ ಬೇಡ. ನಿಮ್ಮನ್ನು ಇನ್ನೊಮ್ಮೆ ಜನರ ನಡುವೆ ನಿಲ್ಲಿಸುವ ಹಕ್ಕು ನನಗಿಲ್ಲ. ಈ ಸಲ ನಿಲ್ಲಬೇಕಾದವಳು ನಾನು.