ಮೈಕಕ್ಕನ ಗಂಟಲು

ಬಸ್ ನಿಲ್ದಾಣದಲ್ಲಿ ಅವಳ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕ ನೋಡುವ ಗುಮಾಸ್ತನೊಬ್ಬನಿಗೇ. ಉಳಿದವರಿಗೆಲ್ಲ ಅವಳು ಮೈಕಕ್ಕ. ಯಾವ ಬಸ್ಸು ಎಷ್ಟು ಗಂಟೆಗೆ ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಮೊದಲ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದವಳು. ಪ್ರತಿಯೊಂದನ್ನೂ ಎರಡು ಸಲ ಹೇಳಬೇಕೆಂಬುದು ಅಲ್ಲಿನ ನಿಯಮ. ಅದು ಎಷ್ಟು ಮೈಗಂಟಿತ್ತೆಂದರೆ ಅಂಗಡಿಯಲ್ಲೂ "ಅರ್ಧ ಕೆಜಿ ಸಕ್ಕರೆ, ಅರ್ಧ ಕೆಜಿ ಸಕ್ಕರೆ" ಎನ್ನುತ್ತಿದ್ದಳು. ಅಂಗಡಿಯವನು ಚಕಾರವೆತ್ತದೆ ಒಂದು ಕೆಜಿ ಕಟ್ಟಿಕೊಡುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಒಂಟಿ ಹೆಂಗಸಿನ ಮನೆಯಲ್ಲಿ ಅಷ್ಟು ಸಕ್ಕರೆ ಏನಾಗುತ್ತದೆ? ಇರುವೆಗಳು ಮಾತ್ರ ದುಂಡಗಾದವು.

ಅಮ್ಮ ಹೋಗಿ ಎಂಟು ತಿಂಗಳಿಗೆ ದನಿ ಕೈಕೊಟ್ಟಿತು. ಮೊದಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ನೀರು ಕುಡಿದರೂ ಇಳಿಯದು, ಕೆಮ್ಮಿದರೂ ಬಾರದು. ಆಮೇಲೆ ಭುಜ ಬಿಗಿಯಿತು, ನಿದ್ದೆ ಹಾರಿತು, ದನಿ ಪಿಸುಮಾತಿಗೆ ಇಳಿಯಿತು. ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು "ಗಡ್ಡೆ ಇಲ್ಲ, ಗಾಯ ಇಲ್ಲ" ಅಂದಾಗ ಅವಳಿಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಏನೂ ಇಲ್ಲದ ಕಾಯಿಲೆಗೆ ಯಾವ ಮುಖ ಹೊತ್ತು ರಜೆ ಕೇಳುವುದು? ಮೇಲಧಿಕಾರಿ ಕೆಟ್ಟವರಲ್ಲ, ಆರು ವಾರ ಕೊಟ್ಟರು. ಅಷ್ಟರಲ್ಲಿ ದನಿ ಬಾರದಿದ್ದರೆ ಅವಳು ಕಡತದ ಕೋಣೆಗೆ, ಅವಳ ಜಾಗಕ್ಕೆ ರೆಕಾರ್ಡು ಮಾಡಿದ ದನಿ.

ಡಾಕ್ಟರು ಅವಳನ್ನು ದನಿಯ ಚಿಕಿತ್ಸೆ ಮಾಡುವ ಹುಡುಗಿಯೊಬ್ಬಳ ಬಳಿ ಕಳಿಸಿದರು. ಹುಡುಗಿ ಅವಳ ಕತ್ತನ್ನು ಮೆಲ್ಲಗೆ ಒತ್ತಿ ನೋಡಿದಳು.

"ಇಲ್ಲೆಲ್ಲ ಬಿಗಿ ಹಿಡ್ಕೊಂಡಿದೀರಿ, ಅಮ್ಮ. ಚಿಂತೆ ಜಾಸ್ತಿಯಾದ್ರೆ ಒಬ್ಬೊಬ್ರಿಗೆ ಹೊಟ್ಟೆ ಕೆಡುತ್ತೆ, ಒಬ್ಬೊಬ್ರಿಗೆ ತಲೆನೋವು. ನಿಮಗೆ ಗಂಟಲಿಗೆ ಬಂದಿದೆ. ದಿನಾ ಹತ್ತು ನಿಮಿಷ ಮನೇಲಿ ಯಾರ ಜೊತೆಗಾದ್ರೂ ನಿಧಾನವಾಗಿ ಮಾತಾಡಿ. ಯಾರ ಜೊತೆ ಮಾತಾಡ್ತೀರಿ?"

ಮೈಕಕ್ಕ ಯೋಚಿಸಿದಳು. ಎಷ್ಟು ಹೊತ್ತು ಯೋಚಿಸಿದಳೆಂದರೆ ಪಾಪ, ಹುಡುಗಿಯೇ ಮಾತು ಬದಲಿಸಿ "ಮೊದಲು ಉಸಿರಾಟ ಕಲಿಯೋಣ" ಅಂದಳು. ದಿನಕ್ಕೆ ಸಾವಿರಾರು ಜನ ಕೇಳುವ ದನಿ ಅವಳದು, ತಿರುಗಿ ಮಾತಾಡಿದವರು ಮಾತ್ರ ಒಬ್ಬರೂ ಇಲ್ಲ.

ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಕತ್ತಿಗೆ ಬಿಸಿನೀರಿನ ಬಟ್ಟೆ, ಹೊಟ್ಟೆ ತುಂಬ ಉಸಿರು, ಬೆಳಿಗ್ಗೆ ಅರ್ಧ ಗಂಟೆ ನಡಿಗೆ. ಭುಜ ಸಡಿಲವಾಯಿತು, ನಿದ್ದೆಯೂ ಬಂತು. ದನಿ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಹತ್ತು ನಿಮಿಷದ ಮಾತಿಗೆ ಜನ ಸಿಗದೆ ಗೋಡೆ ಗಡಿಯಾರಕ್ಕೆ ಊಟದ ವಿಷಯ ಹೇಳಿದಳು. ಅದಾದರೂ ಟಿಕ್ ಟಿಕ್ ಅಂತ ಹೂಂಗುಟ್ಟುತ್ತಿತ್ತು.

ಮಾತಾಡುವವನು ಅಂತ ಒಬ್ಬನಿದ್ದ, ಅದೂ ವಾರಕ್ಕೊಮ್ಮೆ. ಬೇರೆ ಊರಿನಲ್ಲಿ ಬಡಗಿಯಾಗಿದ್ದ ತಮ್ಮ. ಪ್ರತಿ ಭಾನುವಾರ ಫೋನು ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ತಪ್ಪದೆ ಕೇಳುತ್ತಿದ್ದ. "ಅಕ್ಕ, ಅಮ್ಮ ಕಣ್ಮುಚ್ಚೋವಾಗ ನನ್ನ ಹೆಸರು ಹೇಳಿದ್ಳಲ್ವಾ?" ಅವಳು "ಹೂಂ" ಅನ್ನುತ್ತಿದ್ದಳು. ಆ ಒಂದು ಹೂಂ ಕೇಳಲೆಂದೇ ಅವನು ಫೋನು ಮಾಡುತ್ತಾನೆಂಬುದು ಅವಳಿಗೆ ಗೊತ್ತು.

ಅಮ್ಮ ಏನು ಹೇಳಿದಳೋ ಅವಳಿಗೆ ಗೊತ್ತಿರಲಿಲ್ಲ. ಆ ಸಂಜೆ ಆಸ್ಪತ್ರೆಯಿಂದ "ಕೂಡಲೇ ಬನ್ನಿ" ಅಂತ ಫೋನು ಬಂದಾಗ ಅವಳ ಕೈಯಲ್ಲಿ ಹದಿನಾಲ್ಕು ಬಸ್ಸುಗಳ ಪಟ್ಟಿಯಿತ್ತು. ಮುಗಿಸಿಯೇ ಹೋಗೋಣ ಅಂದುಕೊಂಡಳು. ಹದಿನಾಲ್ಕನ್ನೂ ನಿಯಮದ ಪ್ರಕಾರ ಎರಡೆರಡು ಸಲ ಹೇಳಿ ಓಡಿದಳು. ಅಮ್ಮ ಹೋಗಿ ಆಗಲೇ ಹತ್ತು ನಿಮಿಷವಾಗಿತ್ತು. ಒಂದೊಂದೇ ಸಲ ಹೇಳಿದ್ದರೆ? ಈ ಲೆಕ್ಕ ಅವಳ ಗಂಟಲಿನಿಂದ ಕೆಳಗಿಳಿಯಲಿಲ್ಲ. ಮಾರನೆಯ ದಿನ ಅಳುತ್ತಾ ಬಂದ ತಮ್ಮನಿಗೆ ಸುಳ್ಳು ಹೇಳಿದ್ದಳು.

ನಾಲ್ಕನೆಯ ವಾರದ ಭಾನುವಾರ ಅವನು ಮತ್ತೆ ಅದನ್ನೇ ಕೇಳಿದ. ನಿಜ ಹೇಳಿದರೆ ಇರುವ ಒಂದು ಫೋನೂ ನಿಲ್ಲುತ್ತದೆಂದು ಅವಳಿಗೆ ಭಯವಾಯಿತು. ಆದರೂ ಹೇಳಿದಳು, ಪಿಸುದನಿಯಲ್ಲೇ, ಹದಿನಾಲ್ಕು ಬಸ್ಸುಗಳ ಸಮೇತ.

"ಮತ್ತೆ ಇಷ್ಟು ದಿನ ಹೂಂ ಅಂದಿದ್ದು?"

"ಸುಳ್ಳು ಕಣೋ."

ಅವನು ಫೋನು ಇಟ್ಟ. ಅವಳು ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು. ಅಳು ಪಕ್ಕದ ಮನೆಗೆ ಕೇಳಿಸಿರಬೇಕು, ಯಾರೋ ಟೀವಿಯ ಸದ್ದು ತಗ್ಗಿಸಿದರು.

ದನಿ ಅವತ್ತೇ ಬಂದುಬಿಡಲಿಲ್ಲ. ದಿನಕ್ಕಿಷ್ಟು, ಒಡಕೊಡಕಾಗಿ ಬಂತು. ಆರನೆಯ ವಾರದ ಕೊನೆಗೆ ಮೇಲಧಿಕಾರಿ ಒಂದು ಪಟ್ಟಿ ಓದಿಸಿ ಕೇಳಿ, ಆಗಲಿ ಎಂದು ತಲೆಯಾಡಿಸಿದರು. ಆದರೆ ತಮ್ಮನ ಫೋನು ಬರಲಿಲ್ಲ. ಎರಡು ಭಾನುವಾರ ಫೋನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಾನು ಇಷ್ಟು ಒಂಟಿ ಅಂತ ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಮೂರನೆಯ ಭಾನುವಾರ ಅವಳೇ ಫೋನು ಮಾಡಿದಳು. ಅವನು ಎತ್ತಿದ, ಹಲೋ ಅನ್ನಲಿಲ್ಲ.

"ನೀನು ಮಾತಾಡ್ಬೇಡ, ಪರವಾಗಿಲ್ಲ. ಹೋಗೋ ಹಿಂದಿನ ದಿನ ಅಮ್ಮ ನಿನ್ನ ವಿಷಯ ಕೇಳಿದ್ಳು. ಅವನ ಬೆನ್ನು ನೋವು ಹೇಗಿದೆ ಅಂದ್ಳು. ಇದು ನಿಜ. ನಾನು ಹೇಳಿದ್ರೆ ಇನ್ನು ನೀನು ನಂಬಲ್ಲ, ಅದೂ ಗೊತ್ತು."

ಅವಳು ಅಮ್ಮನ ಕೊನೆಯ ವಾರವನ್ನು ಒಂದೊಂದೇ ದಿನವಾಗಿ, ನಿಧಾನವಾಗಿ ಹೇಳುತ್ತಾ ಹೋದಳು. ಹತ್ತು ನಿಮಿಷ ದಾಟಿತು. ಅವನು ಒಂದು ಮಾತೂ ಆಡಲಿಲ್ಲ, ಫೋನನ್ನೂ ಇಡಲಿಲ್ಲ.