ಗಂಡನ ನಂಬರು

ಸೋಪಿನ ಬಗ್ಗೆ ಕೇಳಿದರೆ ನಮ್ಮ ಜಿಲ್ಲೆಯ ಜನ ಸತ್ಯವನ್ನೇ ಹೇಳುತ್ತಾರೆ. ನೊರೆ ಬರಲ್ಲ, ವಾಸನೆ ಸರಿಯಿಲ್ಲ, ಬೇಗ ಕರಗಿ ಹೋಗತ್ತೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಾರೆ. ಟೂತ್‌ಪೇಸ್ಟು, ಟೀಪುಡಿ, ಸೊಳ್ಳೆಬತ್ತಿ, ಯಾವುದಕ್ಕೂ ದಾಕ್ಷಿಣ್ಯ ಇಲ್ಲ. ಎಮ್ಮೆಲ್ಲೆ ಬಗ್ಗೆ ಕೇಳಿ ನೋಡಿ, ಅದೇ ಬಾಯಿಗಳು ಬೀಗರ ಎದುರು ಕೂತವರ ಹಾಗೆ ಮಾತಾಡುತ್ತವೆ. "ಒಳ್ಳೇವ್ರು ಕಣಮ್ಮ. ಏನ್ ತೊಂದ್ರೆ ಇಲ್ಲ. ಕಾಫಿ ಕುಡೀರಿ."

ನಾನು ಈ ಎರಡೂ ಥರದ ಸರ್ವೆ ಮಾಡಿದವಳು. ಮನೆ ಇರುವುದು ಶೆಟ್ಟಿಹಳ್ಳಿಯಲ್ಲಿ, ಯಜಮಾನರು ಹಿರೇಹಳ್ಳಿಯ ಒಂದು ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗುತ್ತಾರೆ. ಮಕ್ಕಳು ಹೈಸ್ಕೂಲು ದಾಟಿದ ಮೇಲೆ ನಾನೂ ಹೊರಗೆ ಬಿದ್ದೆ. ಕೊರಳಿಗೆ ಐಡಿ ಕಾರ್ಡು, ಕೈಗೊಂದು ಟ್ಯಾಬು, ಬ್ಯಾಗಿನಲ್ಲಿ ನೀರಿನ ಬಾಟಲಿ. "ಈ ವಯಸ್ಸಲ್ಲಿ ಬೀದಿ ಸುತ್ತೋದು ಬೇಕಿತ್ತಾ?" ಅಂತ ನಮ್ಮತ್ತೆ ಕೇಳಿದರು. ಬೇಕಿತ್ತು ಅಂದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ.

ಎಮ್ಮೆಲ್ಲೆ ಸರ್ವೆಗೆ ತುಮಕೂರು ಸಿಟಿ, ಗುಬ್ಬಿ, ಕುಣಿಗಲ್ ಮೂರು ಕಡೆಯೂ ಓಡಾಡಿದೆ. ಚುನಾವಣೆ ಇನ್ನೂ ದೂರ ಇತ್ತು. ಯಾರು ಮಾಡಿಸುತ್ತಿದ್ದಾರೆ ಅಂತ ನಮಗೆ ಹೇಳುತ್ತಿರಲಿಲ್ಲ, ಕೇಳಿದರೆ "ಕ್ಲೈಂಟು" ಅನ್ನುತ್ತಿದ್ದರು. ನಾನೀಗ ಬರೆಯುತ್ತಿರುವುದು ಇವುಗಳಲ್ಲಿ ಯಾವ ಕಡೆಯ ಹಳ್ಳಿಯ ವಿಷಯ ಅಂತ ನಾನೂ ಹೇಳುವುದಿಲ್ಲ. ಹೇಳಿದರೆ ಅದು ಯಾರ ಮನೆ ಅಂತ ಪತ್ತೆ ಮಾಡುವುದು ನಮ್ಮವರಿಗೆ ಅರ್ಧ ದಿನದ ಕೆಲಸ. ಕೋಪ ಬರುವವರಿಗೆ ಬರಲಿ.

ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ನಿಮ್ಮ ಶಾಸಕರ ಕೆಲಸದ ಬಗ್ಗೆ ನಿಮಗೆ ತೃಪ್ತಿ ಇದೆಯೇ? ಬೆಂಗಳೂರಿನಲ್ಲಿ ಕೂತು ಈ ಪ್ರಶ್ನೆ ಬರೆದವರಿಗೆ ನಮ್ಮ ಕಡೆಯ ತಿಥಿ ಊಟ ಗೊತ್ತಿರಲಿಲ್ಲ. ಇಲ್ಲಿ ಎಮ್ಮೆಲ್ಲೆಯನ್ನು ಅಳೆಯುವುದು ರಸ್ತೆಯಿಂದ ಅಲ್ಲ, ನಮ್ಮ ಮನೆಗೆ ಬಂದನೋ ಇಲ್ಲವೋ ಅನ್ನುವುದರಿಂದ. ಮದುವೆ, ಗೃಹಪ್ರವೇಶ, ತಿಥಿ, ಯಾವುದಕ್ಕೆ ಕರೆದರೂ ಬಂದು ಐದು ನಿಮಿಷ ಎಲೆ ಮುಂದೆ ಕೂತು ಎದ್ದರೆ ಆಯಿತು. ನಮ್ಮನೆಯಲ್ಲಿ ಉಂಡು ಹೋದವರ ಬಗ್ಗೆ ಇಲ್ಲಸಲ್ಲದ್ದು ಆಡುವುದು ಹೇಗೆ? ಉಂಡ ಮನೆಗೆ ಎರಡು ಬಗೆಯಬಾರದು ಅಂತ ಗಾದೆ ಇದೆ. ಉಂಡವರು ಅವರು, ಎರಡು ಬಗೆಯದೆ ಇರುವ ಹೊಣೆ ಮಾತ್ರ ನಮ್ಮದು. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನೊಂದು ಕಾಟ ಜೊತೆಗಾರನದು. ಟೌನಿನಿಂದ ಬಂದ ಹೆಂಗಸು ಒಬ್ಬಳೇ ಮನೆ ಮನೆ ಹತ್ತಿದರೆ ಊರಿಗೆ ಸಮಾಧಾನ ಇರುವುದಿಲ್ಲ. ಅರಳಿಕಟ್ಟೆಯಿಂದ ಒಬ್ಬ ಎದ್ದು ಬರುತ್ತಾನೆ, "ಬನ್ನಿ ಮೇಡಂ, ನಾನ್ ತೋರುಸ್ತೀನಿ" ಅನ್ನುತ್ತಾನೆ. ಅವನು ಗೆದ್ದವರ ಕಡೆಯವನೋ ಸೋತವರ ಕಡೆಯವನೋ ಅನ್ನುವುದು ನನಗೆ ಗೊತ್ತಾಗುವ ಮೊದಲೇ ಪ್ರತಿ ಮನೆಗೂ ಗೊತ್ತಿರುತ್ತದೆ. ಉತ್ತರ ನನ್ನ ಮುಖ ನೋಡಿ ಬರುವುದಿಲ್ಲ, ಅವನ ಮುಖ ನೋಡಿ ಬರುತ್ತದೆ. ಹೆಂಗಸರಂತೂ ಬಾಗಿಲ ಸಂದಿಯಿಂದಲೇ "ನಮ್ಮನೆಯವ್ರನ್ನ ಕೇಳ್ಕಳಿ" ಅಂದು ಒಳಗೆ ಹೋಗಿಬಿಡುತ್ತಾರೆ. ಟ್ಯಾಬಿನಲ್ಲಿ ಅದಕ್ಕೆ 'ಹೇಳಲಾರೆ' ಅಂತ ಒಂದು ಗುಂಡಿ ಕೊಟ್ಟಿದ್ದಾರೆ. ಆ ಗುಂಡಿ ಒತ್ತಿ ಒತ್ತಿ ನನಗೆ ರೇಗಿಹೋಯಿತು. ಹೇಳಲಾರದವರು ಯಾರೂ ಇರಲಿಲ್ಲ, ಹೇಳಗೊಡದವರು ಇದ್ದರು.

ಆಮೇಲೆ ಒಂದು ಉಪಾಯ ಮಾಡಿದೆ. ಜಗಲಿಯಲ್ಲಿ ಗಂಡಸರ ಉತ್ತರ ಮುಗಿಸಿ, ಒಳಗಿನ ಹೆಂಗಸಿಗೆ "ಸ್ವಲ್ಪ ಬಚ್ಚಲಿಗೆ ಹೋಗ್ಬೇಕಿತ್ತು ತಾಯಿ" ಅನ್ನುತ್ತಿದ್ದೆ. ಬಚ್ಚಲು ಅಂದರೆ ಹಿತ್ತಲು. ಎಂಥ ಕಾರ್ಯಕರ್ತನಾದರೂ ಹೆಂಗಸಿನ ಹಿಂದೆ ಬಚ್ಚಲ ತನಕ ಬರುವುದಿಲ್ಲ. ಹಿತ್ತಲ ಬಾಗಿಲು ದಾಟಿದ ಮೇಲೆ ನನ್ನ ಟ್ಯಾಬು ತೆಗೆಯುತ್ತಿದ್ದೆ. ಇದು ಕಂಪನಿಯ ಪಾಠದಲ್ಲಿ ಇರಲಿಲ್ಲ. ಇರಬೇಕಿತ್ತು.

ಆ ಮನೆಯಲ್ಲೂ ಹಾಗೇ ಮಾಡಿದೆ. ಜಗಲಿಯ ಮೇಲೆ ಕೂತಿದ್ದ ಗಂಡ ಎಮ್ಮೆಲ್ಲೆ ಬಂದರೆ ಕಾರಿನ ಬಾಗಿಲು ತೆಗೆಯುವ ಪೈಕಿ. ಹಬ್ಬಕ್ಕೆ ಶುಭ ಕೋರುವ ಫ್ಲೆಕ್ಸಿನಲ್ಲಿ ಕೆಳಗಿನ ಸಾಲಿನಲ್ಲಿ ಅಂಚೆ ಚೀಟಿಯಷ್ಟು ದೊಡ್ಡ ಮುಖ ಇವರದೂ ಇತ್ತು. ಬೀದಿಯ ತುದಿಯಲ್ಲಿ ಅದನ್ನು ನೋಡಿಕೊಂಡೇ ಬಂದಿದ್ದೆ. "ನಮ್ ಸಾಹೇಬ್ರು ದೇವ್ರಂಥೋರು, ಬರ್ಕಳಿ" ಅಂದರು. ಬರೆದುಕೊಂಡೆ. ಅದು ಅವರ ಉತ್ತರ, ನನಗೇನೂ ತಕರಾರಿಲ್ಲ.

ಹೆಂಡತಿ ಹಿತ್ತಲಲ್ಲಿ ತೆಂಗಿನ ಗರಿ ಹರಡಿಕೊಂಡು ಪೊರಕೆ ಕಡ್ಡಿ ಸೀಳುತ್ತಿದ್ದರು. ನನಗಿಂತ ಒಂದಿಷ್ಟು ಚಿಕ್ಕವರು. ಪ್ರಶ್ನೆ ಕೇಳಿದೆ. ಕುಡುಗೋಲು ನಿಲ್ಲಿಸದೆ, ತಲೆಯೂ ಎತ್ತದೆ ಕೇಳಿದರು: "ನಂದೇ ಹೇಳ್ಬೇಕಾ, ಇವ್ರುದ್ದಾ?"

"ನಿಮ್ಮದೇ."

"ಹಂಗಾದ್ರೆ ತೃಪ್ತಿ ಇಲ್ಲ, ಬರ್ಕಳಿ. ನಮ್ಮತ್ತೆ ತಿಥಿಗೆ ಬಂದಿದ್ರು. ನಾನೇ ಬಡಿಸ್ತಿದ್ದೆ. ಬಗ್ಗಿ ಕೇಳ್ದೆ, ಬೆಳಿಗ್ಗೆ ಬಸ್ಸು ನಮ್ಮೂರ್ ಗೇಟಲ್ಲಿ ನಿಲ್ಲಲ್ಲ, ಹುಡ್ಗೀರು ಕಾಲೇಜಿಗೆ ಹೋಗದು ಹೆಂಗೆ ಸಾಮಿ ಅಂತ. ಆಯ್ತು ತಾಯಿ ನೋಡೋಣ ಅಂದ್ರು. ಇನ್ನೊಂದು ವಡೆ ಹಾಕುಸ್ಕೊಂಡ್ರು. ಅಷ್ಟೇ. ವರ್ಷ ತುಂಬೋ ಹೊತ್ಗೆ ನನ್ ಮಗಳು ಕಾಲೇಜು ಬುಟ್ಟು ಮನೇಲಿ ಕೂತ್ಲು."

ಆಗ ತಲೆ ಎತ್ತಿದರು. ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ನನಗೆ ಅದನ್ನು ನೋಡಿ ಸಂತೋಷವಾಯಿತು ಅಂದರೆ ತಪ್ಪು ತಿಳಿಯಬೇಡಿ. ಅಷ್ಟು ದಿನದಲ್ಲಿ ನಾನು ಒತ್ತಿದ ಉತ್ತರಗಳಲ್ಲಿ ಜೀವ ಇದ್ದದ್ದು ಅದೊಂದೇ ಅನ್ನಿಸಿತು.

ಕೊನೆಗೆ ಮೊಬೈಲ್ ನಂಬರು ಬರೆದುಕೊಳ್ಳಬೇಕು. ಕೇಳಿದೆ. ಪಟಪಟ ಅಂತ ಹೇಳಿದರು. ನಾನು ಒತ್ತಿಕೊಂಡೆ. ಯಾರ ನಂಬರು ಅಂತ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ. ನಮ್ಮ ಕಡೆ ಹೆಂಗಸರಿಗೆ ಬಾಯಲ್ಲಿ ಬರುವುದು ಒಂದೇ ನಂಬರು, ಗಂಡನದು. ತನ್ನ ನಂಬರಿಗೆ ತಾನೇ ಯಾರು ಫೋನ್ ಮಾಡಿಕೊಳ್ಳುತ್ತಾರೆ? ನನ್ನ ನಂಬರನ್ನೇ ನಾನು ಈಗಲೂ ಫೋನ್ ತೆಗೆದು ನೋಡಿ ಹೇಳುತ್ತೇನೆ. ಹಿತ್ತಲುಗಳಲ್ಲಿ ನಾನು ಮಾತಾಡಿಸಿದ ಎಷ್ಟೋ ಹೆಂಗಸರು ಹೀಗೇ ಗಂಡಂದಿರ ನಂಬರು ಕೊಟ್ಟಿದ್ದರು.

ಬ್ಯಾಕ್‌ಚೆಕ್ ಅಂತ ಒಂದಿದೆ. ನಾವು ನಿಜವಾಗಿ ಮನೆಗೆ ಹೋಗಿದ್ದೆವೋ, ಮರದ ಕೆಳಗೆ ಕೂತು ನಾವೇ ಒತ್ತಿಕೊಂಡೆವೋ ತಿಳಿಯಲು ಬೆಂಗಳೂರಿನ ಹೆಡ್ಡಾಫೀಸಿನಿಂದ ಕೆಲವು ಮನೆಗಳಿಗೆ ಫೋನ್ ಮಾಡುತ್ತಾರೆ. ಮಾಡಿದರು. ಎತ್ತಿದವರು ಗಂಡಂದಿರು. "ನಮ್ಮನೇಲಿ ಹಂಗೆ ಯಾರ್ರೀ ಹೇಳವ್ರೆ?" ಅಂದರು. ನನ್ನ ಹಿತ್ತಲಿನ ಉತ್ತರಗಳೆಲ್ಲ ಒಂದೊಂದಾಗಿ ಸುಳ್ಳಾದವು.

ಕ್ಯಾತ್ಸಂದ್ರದಲ್ಲಿ ಹೈವೇ ಪಕ್ಕದ ತಟ್ಟೆ ಇಡ್ಲಿ ಹೋಟೆಲಿನ ಮೇಲೆ ನಮ್ಮ ಆಫೀಸು, ಅಂದರೆ ಬಾಡಿಗೆಗೆ ಹಿಡಿದ ಒಂದು ರೂಮು. ಮಧ್ಯಾಹ್ನ ಅಲ್ಲಿಗೆ ಬರಲು ಸೂಪರ್‌ವೈಸರ್ ಹೇಳಿ ಕಳಿಸಿದ. ನನ್ನ ತಮ್ಮನ ವಯಸ್ಸಿನವನು, ಕೆಟ್ಟವನಲ್ಲ. ಮೇಲಿನವರಿಂದ ಅವನಿಗೂ ಬೈಗುಳ ಬಿದ್ದಿತ್ತು.

"ಅಕ್ಕ, ಒಂದ್ ಮನೆ ಎರಡ್ ಮನೆ ಆಗಿದ್ರೆ ನಾನೇ ಅಡ್ಜಸ್ಟ್ ಮಾಡ್ತಿದ್ದೆ. ನಿಮ್ದು ಸುಮಾರು ಮನೆ ಮ್ಯಾಚ್ ಆಗ್ತಿಲ್ಲ. ನೀವೇ ಕೂತ್ಕೊಂಡು ಒತ್ತಿದೀರಾ ಅಂತ ಅವ್ರು."

"ಅವ್ರು ಅಂದ್ರು. ನೀವೇನ್ ಅಂತೀರಿ?"

ಅವನು ಮೌಸ್ ಆಡಿಸುತ್ತಲೇ ಹೇಳಿದ: "ಒಂದ್ ಕೆಲ್ಸ ಮಾಡೋಣ. ಕೈ ತಪ್ಪಿ ಬೇರೆ ಗುಂಡಿ ಒತ್ತಿಬಿಟ್ಟೆ ಅಂತ ಹೇಳಿಬಿಡಿ. ಎಲ್ಲಾ ತೃಪ್ತಿ ಅಂತ ಮಾಡಿ ಕಳಿಸ್ತೀನಿ. ಗಂಡ ಹೆಂಡ್ತಿ ಉತ್ತರ ಮ್ಯಾಚ್ ಆಗತ್ತೆ. ನಿಮ್ ಕೆಲ್ಸನೂ ಉಳಿಯತ್ತೆ."

ನನಗೆ ಮೈಯೆಲ್ಲ ಉರಿಯಿತು. ಗಂಡ ಹೆಂಡತಿ ಉತ್ತರ ಮ್ಯಾಚ್ ಆಗಬೇಕಂತೆ. ಜಾತಕವೇ ಇದು? ಒಂದು ಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಓಟು ಕೊಟ್ಟಿರುವಾಗ ಅಭಿಪ್ರಾಯ ಮಾತ್ರ ಜಂಟಿ ಖಾತೆಯಲ್ಲಿ ಇಡಬೇಕು ಅಂತ ಯಾರು ಹೇಳಿದ್ದು? ಇದನ್ನೆಲ್ಲ ಅವನಿಗೆ ಹೇಳಿದೆ, ಕೆಳಗಿನ ಹೋಟೆಲಿಗೂ ಕೇಳಿಸಿರಬೇಕು. "ನನ್ ಕೈ ತಪ್ಪಿಲ್ಲ. ಅವ್ರು ಹೇಳಿದ್ದು, ನಾನು ಒತ್ತಿದ್ದು. ಒಂದು ಗುಂಡಿನೂ ಬದಲಾಯಿಸ್ಕೂಡ್ದು."

"ಹಂಗಾದ್ರೆ ಪ್ರೂವ್ ಮಾಡಿ ಅಕ್ಕ" ಅಂದ. ಕಂಪ್ಯೂಟರ್ ನೋಡಿ ಒಂದು ಮನೆ ಆರಿಸಿದ. ಆರಿಸಿದ್ದು ಪೊರಕೆ ಕಡ್ಡಿಯ ಆ ಮನೆಯನ್ನೇ. "ನಿಮ್ ಫೋನಿಂದಾನೇ ಮಾಡಿ. ಸ್ಪೀಕರ್ ಹಾಕಿ. ಆ ಯಮ್ಮನೇ ಹೇಳ್ಲಿ, ಹೆಡ್ಡಾಫೀಸಿಗೆ ನಾನ್ ಮಾತಾಡ್ತೀನಿ."

ಬೇಡ ಅಂದೆ. ಅವನೇ ನನ್ನ ಫೋನು ತೆಗೆದುಕೊಂಡು ಒತ್ತಿದ. ಗಂಡ ಎತ್ತಿದರು.

"ನಮ್ಮನೆಯವ್ಳ ಹತ್ರ ಏನ್ರೀ ನಿಮ್ ಮಾತು? ನಾನ್ ಹೇಳಿದ್ದೇ ಅವ್ಳು ಹೇಳದು" ಅಂದರು. ಸೂಪರ್‌ವೈಸರ್ ಸರ್ ಸರ್ ಅಂತ ಗೋಗರೆದ. ಆ ಕಡೆ ಯಾರನ್ನೋ ಕರೆದದ್ದು ಕೇಳಿಸಿತು. "ಬಾ ಇಲ್ಲಿ. ಸ್ಪೀಕರ್ ಹಾಕಿವ್ನಿ, ನನ್ ಮುಂದೇನೇ ಮಾತಾಡು."

"ಹಲೋ" ಅಂದರು ಆಕೆ.

"ಅಮ್ಮಾ, ನೀವು ಎಮ್ಮೆಲ್ಲೆ ಬಗ್ಗೆ—" ಅಂತ ಇವನು ಶುರು ಮಾಡಿದ.

ನಾನು ಕೈ ಚಾಚಿ ಫೋನ್ ಕಟ್ ಮಾಡಿಬಿಟ್ಟೆ. ಆಕೆ ಹಾಗೆ ಹೇಳೇ ಇಲ್ಲ ಅಂದರೆ ನಾನು ಸುಳ್ಳುಗಾತಿ, ಹೇಳಿದ್ದೆ ಅಂದರೆ ಆ ಮನೆಯಲ್ಲಿ ಸಂಜೆ ಏನಾಗುತ್ತದೋ ದೇವರಿಗೇ ಗೊತ್ತು. ನನ್ನ ಕೆಲಸ ಉಳಿಸಿಕೊಳ್ಳಲು ಅವರ ಸಂಸಾರವನ್ನು ಬೀದಿಗೆ ತರಲೇ? ಹಿತ್ತಲಲ್ಲಿ ನನ್ನನ್ನು ನಂಬಿ ಆಡಿದ ಮಾತು ಅದು.

"ಪ್ರೂವ್ ಮಾಡಲ್ಲ" ಅಂದೆ. "ಸುಳ್ಳು ಒತ್ತಿದೆ ಅಂತಾನೂ ಹೇಳಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ." ಐಡಿ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟೆ. ಆ ಕ್ಷಣಕ್ಕೆ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಯಿತು. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ, ಆಗಲಿ, ದವಡೆ ನನ್ನದು. ಸೂಪರ್‌ವೈಸರ್ ಕಾರ್ಡನ್ನು ನೋಡಿದ, ನನ್ನನ್ನು ನೋಡಿದ.

ಬ್ಯಾಗು ಹೆಗಲಿಗೆ ಹಾಕಿಕೊಳ್ಳುವಾಗ ಫೋನ್ ಬಡಿದುಕೊಂಡಿತು. ಅದೇ ನಂಬರು. ಗಂಡ ಬೈಯಲು ಮಾಡಿದ್ದಾರೆ ಅಂದುಕೊಂಡು, ಬೈಸಿಕೊಳ್ಳುವ ಹೆಂಗಸು ನಾನಲ್ಲ ಅಂತ ಸಿದ್ಧಳಾಗಿಯೇ ಎತ್ತಿದೆ.

"ಅಕ್ಕಾ, ಕಟ್ ಆಯ್ತಾ? ನೀವೇ ಕಟ್ ಮಾಡುದ್ರಾ?" ದನಿ ಆಕೆಯದು.

"ನಾನೇ ಮಾಡ್ದೆ ತಾಯಿ. ನಿಮಗೆ ಮನೇಲಿ ತೊಂದ್ರೆ ಆಗ್ಬಾರ್ದು ಅಂತ."

"ನನ್ ತೊಂದ್ರೆ ನಿಮ್ಗೆ ಯಾರ್ ಹೇಳುದ್ರು? ಮೊನ್ನೆ ಬೆಂಗ್ಳೂರಿಂದ ಫೋನ್ ಬಂದಾಗ್ಲೇ ಜಗಳ ಆಗೋಗೈತೆ. ಹೇಳ್ದವ್ಳು ನಾನೇ ಅಂತ ಇವ್ರಿಗೆ ಅವತ್ತೇ ಅಂದಿವ್ನಿ. ಮನೇಲಿ ಇವ್ರು ಬಾಯ್ ಮುಚ್ಚು ಅಂತಾರೆ, ಅಲ್ಲಿ ನೀವೂ ಮುಚ್ಚುಸ್ತೀರಾ? ನೀವೂ ಅವ್ರಂಗೇನಾ?"

ಇಷ್ಟು ಹೊತ್ತು ನಾನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದು ಯಾರನ್ನು? ಆಕೆಯನ್ನು ಒಂದು ಮಾತು ಕೇಳದೆ, ಆಕೆ ಹೇಳಲಾರಳು ಅಂತ ನಾನೇ ತೀರ್ಮಾನ ಮಾಡಿದ್ದೆ. ಜಗಲಿಯ ಮೇಲೆ ಕೂತ ಗಂಡಸರು ಮಾಡುವುದೂ ಅದನ್ನೇ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಂಥ ಒಬ್ಬ ಹೆಂಗಸು ನಮ್ಮ ಜಿಲ್ಲೆಯಲ್ಲಿ ಇದ್ದಾಳಲ್ಲ ಅಂತ ಎದೆ ತುಂಬಿ ಬಂತು.

"ಆಗ ಮಾತಾಡ್ದ ಸಾಹೇಬ್ರು ಪಕ್ಕದಲ್ಲೇ ಅವ್ರಾ? ಕೊಡಿ ಅವ್ರಿಗೆ."

ಕೊಟ್ಟೆ. ಸೂಪರ್‌ವೈಸರ್ ಯಾಕೋ ಕುರ್ಚಿಯಿಂದ ಎದ್ದು ನಿಂತ. ಫೋನು ಕಿವಿಗೆ ಹಿಡಿದು, ಕಂಪ್ಯೂಟರಿನಲ್ಲಿದ್ದ ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿದ. ಸ್ಪೀಕರ್ ಹಾಕಿರಲಿಲ್ಲ. ಆದರೂ ಆಕೆಯ ಉತ್ತರ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲ ಸಾಮಿ, ತೃಪ್ತಿ ಇಲ್ಲ. ನಮ್ಮನೆಯವ್ರು ಇಲ್ಲೇ ಕೂತವ್ರೆ, ಅವ್ರುದ್ದು ಬೇಕಾದ್ರೆ ಬ್ಯಾರೆ ಕೇಳ್ಕಳಿ. ಇದು ನಂದು."