ಉಸಿರಿಗೊಬ್ಬ ಅಂಪೈರ್

ಟಿವಿಯಲ್ಲಿ ಜಿಮ್ನಾಸ್ಟಿಕ್ಸ್ ಬಂದರೆ, ಮಾರ್ಕ್ಸ್ ತೋರಿಸುವ ಹೊತ್ತಿಗೆ ನಾನು ಕನ್ನಡಕ ತೆಗೆದಿಡುತ್ತೇನೆ. ಆ ಹುಡುಗಿಯರು ಗಾಳಿಯಲ್ಲಿ ತಿರುಗುವುದನ್ನು ನೋಡಲು ಸೊಗಸು. ಲೆಕ್ಕ ಮಾತ್ರ ಸಹಿಸಲಾರೆ. ನನ್ನ ಕಣ್ಣಿಗೆ ನವಿಲಿನಂತೆ ಇಳಿದವಳಿಗೆ ಕಡಿಮೆ, ಧೊಪ್ಪನೆ ಇಳಿದವಳಿಗೆ ಹೆಚ್ಚು. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಎಲೊಕ್ಯೂಷನ್‌ಗೆ ನಾನು ಸದಾ ಸೆಕೆಂಡ್. "ವಾಯ್ಸ್ ಗುಡ್, ಗ್ರೇಸ್ ಸಾಲದು" ಎಂದಿದ್ದರು ಸಿಸ್ಟರ್. ಗ್ರೇಸನ್ನು ಯಾವ ತಕ್ಕಡಿಯಲ್ಲಿ ತೂಗಿದರೋ, ಈ ವಯಸ್ಸಿಗೂ ತಿಳಿದಿಲ್ಲ.

ಹಾಗಾಗಿ ನೋಡುವುದಕ್ಕೆ ಕುಸ್ತಿ ವಾಸಿ. ಬೆನ್ನಿಗೆ ಮಣ್ಣು ಹತ್ತಿತೋ, ಸೋತ, ಮುಗಿಯಿತು. ಕ್ರಿಕೆಟ್ಟೂ ಪರವಾಗಿಲ್ಲ, ನಡುವೆ ಎದ್ದುಹೋಗಿ ಬೇಳೆ ಬೇಯಿಸಿಕೊಂಡು ಬರಬಹುದು. ಎಲ್ಲಕ್ಕಿಂತ ಮೇಲು ಹುತುತು, ಅಂದರೆ ಕಬಡ್ಡಿ. ಎದುರಿನವರ ಅಂಗಳದಲ್ಲಿ ಇರುವಷ್ಟು ಹೊತ್ತೂ ಒಂದೇ ಉಸಿರಿನಲ್ಲಿ "ಹುತುತು" ಎನ್ನುತ್ತಿರಬೇಕು. ದಮ್ ಮುರಿದರೆ ಔಟ್. ಇದರಲ್ಲಿ ಜಗಳಕ್ಕೆ ಜಾಗವೆಲ್ಲಿ ಎಂದುಕೊಂಡಿದ್ದೆ, ವಾಡಿಯಲ್ಲಿ ನಾನೇ ಅಂಪೈರ್ ಆಗುವವರೆಗೆ.

ಎಪ್ಪತ್ತರ ದಶಕ. ನಮ್ಮ ಯಜಮಾನರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ವಾಡಿಯ ಹುಡುಗಿಯರಿಗೂ ಶಹಾಬಾದಿನವರಿಗೂ ಫೈನಲ್. ಅಂಪೈರ್ ಬರಬೇಕಿದ್ದ ಗಾಡಿ ಲೇಟು. ಪಿ.ಟಿ. ಮಾಸ್ತರರು ನೇರ ನನ್ನ ಕುರ್ಚಿಗೆ ಬಂದರು.

"ಏಳ್ರಿ ಅಕ್ಕಾರ, ಸೀಟಿ ಹಿಡೀರಿ."

"ನನ್ನ ಮಗಳೇ ಆಡಾಕತ್ತಾಳಲ್ರಿ!"

"ಆಡ್ಲಿ ಬಿಡ್ರಿ. ನೀವು ಕಾನ್ವೆಂಟಿನವ್ರು, ನಿಮಗ ಸುಳ್ಳು ಹೇಳಾಕ ಬರಂಗಿಲ್ಲ."

ಶಹಾಬಾದಿನ ಕ್ಯಾಪ್ಟನ್ ರಜಿಯಾ ನಕ್ಕಳು: "ಹೇಳಿದ್ರೂ ಇಂಗ್ಲಿಷಿನ್ಯಾಗ ಹೇಳ್ತಾರ, ನಮಗ ತಿಳಿಯಂಗೇ ಇಲ್ಲ!"

ಕೊನೆಯ ಆಟ. ಎರಡೂ ಕಡೆ ಸಮ. ನನ್ನ ಶೈಲಾ ಒಳಹೊಕ್ಕು, ರಜಿಯಾಳನ್ನು ಮುಟ್ಟಿ, ತಿರುಗಿ ಓಡಿದಳು. ಆಗಲೇ, ಅಂಪೈರರನ್ನು ಹೊತ್ತ ಆ ಗಾಡಿ ಜಂಕ್ಷನ್ನಿಗೆ ಬಂದು, ಊರೆಲ್ಲ ಅದುರುವಂತೆ ಸೀಟಿ ಊದಿತು. ಶೈಲಾಳ ತುಟಿಗಳು ಆಡುತ್ತಿದ್ದವು, ಹುತುತು ಕೇಳಲಿಲ್ಲ. ಸೀಟಿ ನಿಂತಾಗ ಅವಳು ನಡುಗೆರೆಯ ಮೇಲೆ ಬಿದ್ದಿದ್ದಳು.

"ದಮ್ ಮುರೀತು!" ಎಂದು ಶಹಾಬಾದಿನವರು ಕೂಗಿದರು.

"ಏ, ಎಲ್ಲಿ ಮುರೀತು? ಗೆದ್ದೀವಿ!" ಎಂದರು ನಮ್ಮವರು.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮುರಿಯಿತೆಂದರೆ ಊರಿನ ಕಪ್ ಹೋಗುತ್ತದೆ. ಇಲ್ಲವೆಂದರೆ ಹೆತ್ತವಳ ತೀರ್ಪು ಎನ್ನುತ್ತಾರೆ. ಅಲ್ಲಿಯ ಗಲ್ಲಿ ಆಟಗಳಲ್ಲಿ ಅಂಪೈರ್ ಇರುವುದಿಲ್ಲ. ದಮ್ ಯಾರದೋ ಮಾತೂ ಅವರದೇ ಎಂಬುದು ರೂಢಿ. ನಾನು ಅದನ್ನೇ ಹಿಡಿದೆ.

"ಶೈಲಾ, ನೀನೇ ಹೇಳು."

ಅವಳು ನನ್ನನ್ನು ಸುಡುವಂತೆ ನೋಡಿದಳು. "ಮುರೀತು. ಗೆರಿ ಇನ್ನಾ ದೂರ ಇತ್ತು."

ಕಪ್ ಶಹಾಬಾದಿಗೆ ಹೋಯಿತು. ರಜಿಯಾ ಅವಳನ್ನು ಎಬ್ಬಿಸಿ ಮೈಮೇಲಿನ ಧೂಳು ಕೊಡವಿದಳು. "ಮುಂದಿನ ಸಲ ಚಿಂಚೋಳ್ಯಾಗ ಆಡೂಣು ನಡಿ. ಅಲ್ಲಿ ಗಾಡಿನೂ ಇಲ್ಲ, ಸೀಟಿನೂ ಇಲ್ಲ."

ಮನೆಯಲ್ಲಿ ಊಟಕ್ಕೆ ಕೂತಾಗ ಶೈಲಾ ಬಾಯಿಬಿಟ್ಟಳು: "ನನ್ನ ಯಾಕ ಕೇಳಿದಿ, ಮಮ್ಮಿ? ಔಟ್ ಅಂತ ನೀನ ಅನ್ನಬೇಕಿತ್ತು. ಬೈಸಿಕೊಳ್ಳೂದು ಅಂಪೈರ್ ಕೆಲಸ, ನಂದಲ್ಲ."

ನ್ಯಾಯವಾದ ಮಾತು. ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಈಗ ಟಿವಿಯಲ್ಲಿ ಆ ಜಡ್ಜುಗಳು ಅಂಕ ಕೊಡುವಾಗ, ಕನ್ನಡಕ ತೆಗೆದ ನನ್ನ ಕಣ್ಣಿಗೆ ವಾಡಿಯ ಆ ನಡುಗೆರೆಯೇ ಕಾಣುತ್ತದೆ. ಅಲ್ಲಿ ಬಿದ್ದಿದ್ದವಳಿಗೆ ಟೆನ್ ಔಟ್ ಆಫ್ ಟೆನ್ ಕೊಡುತ್ತೇನೆ, ಗ್ರೇಸನ್ನೂ ಸೇರಿಸಿ. ಪಕ್ಷಪಾತ ಎನ್ನುವವರು ಎನ್ನಲಿ. ಬೈಸಿಕೊಳ್ಳುವುದು ಅಂಪೈರ್ ಕೆಲಸ.